ನಡು ಕುಸಿದ ಕೇಕು

ಗುರುವಾರ, ಮಾರ್ಚ್ ೨೧

ಮಗಳೇ,

ನಿನಗೆ ನನ್ನ ಆಶೀರ್ವಾದ ಎಂದಿನಂತೆ ಇದೆ. ಆದರೆ ಅದಕ್ಕೂ ಮೊದಲು ಕ್ಷಮೆ ಕೇಳಬೇಕಾಗಿದೆ. ಜನವರಿ ಏಳರ ಪತ್ರದಲ್ಲಿ, ‘ನಿನ್ನ ತಂದೆಯವರು ಕೇಕು ತಿನ್ನುವುದನ್ನು ಬಿಟ್ಟಿದ್ದಾರೆ, ನಿನ್ನ ವಿಚಾರವನ್ನು ಎತ್ತುವುದೂ ಇಲ್ಲ’ ಎಂದು ಬರೆದಿದ್ದೆ. ಆ ವಾಕ್ಯದ ಎರಡು ಭಾಗಗಳೂ ತಪ್ಪು. ಪಠ್ಯಪುಸ್ತಕದ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಲೇ ಮುದುಕಿಯಾದವಳು ನಾನು; ಗೊತ್ತಿದ್ದೂ ಗೊತ್ತಿದ್ದೂ ಒಂದು ತಪ್ಪನ್ನು ಅಂಚೆಗೆ ಹಾಕಿದ್ದು ಅದೇ ಮೊದಲು. ಉತ್ತರ ತಡವಾದುದಕ್ಕೂ ಕ್ಷಮಿಸು. ನಿನ್ನ ಪತ್ರ ಬಂದು ಎರಡು ವಾರ ಮೀರಿತು. ಓದಿ, ಮಡಿಸಿ, ಮೈದಾ ಹಿಟ್ಟಿನ ಡಬ್ಬಿಯ ಕೆಳಗಿಟ್ಟಿದ್ದೆ.

‘ಅಪ್ಪನ್ನ ಒಂದೇ ಒಂದು ಸಲ ನೋಡ್ಬೇಕು ಅಮ್ಮ, ಬಾಗಿಲಲ್ಲೇ ನಿಂತು ನೋಡ್ಕೊಂಡು ಹೋಗ್ತೀನಿ, ನನ್ನ ಕೈಯಾರೆ ಕೇಕ್ ಮಾಡ್ಕೊಂಡು ಬರ್ತೀನಿ’ ಎಂದು ಬರೆದಿದ್ದೀಯೆ. ಮಾರ್ಚ್ ಮೂವತ್ತೊಂದರ ಭಾನುವಾರ ನಿಮ್ಮಿಬ್ಬರಿಗೂ ರಜೆ ಎಂದೂ ತಿಳಿಸಿದ್ದೀಯೆ. ಬರಬೇಡ ಎಂಬುದು ನನ್ನ ಉತ್ತರ. ನಿನ್ನ ಮೇಲೆ ಹಟ ಸಾಧಿಸಲು ಹೀಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಹಟವೂ ಇದೆ, ಅದಲ್ಲದೆ ಬೇರೆ ಕಾರಣವೂ ಇದೆ. ಅದನ್ನು ಮೊದಲಿನಿಂದ ಬರೆದರೇ ನಿನಗೆ ಅರ್ಥವಾದೀತು.

ನೀನು ಆ ಒಲೆ ರಿಪೇರಿಯವನ ಜೊತೆ ಮೆಟ್ಟಿಲಿಳಿದು ಹೋದ ವರ್ಷವೇ ಇವರಿಗೆ ಪಾರ್ಶ್ವವಾಯು ಬಡಿದುದು ನಿನಗೆ ಗೊತ್ತು. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಎಡಗೈ ಪೂರ್ತಿ ಹೋಯಿತು. ಕಣ್ಣಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ತಿಳಿಯುತ್ತದೆ. ಕಿವಿ ಮಾತ್ರ ಚುರುಕು. ನಾಲಗೆ ಮೊದಲಿಗಿಂತ ಚುರುಕು. ಬೀದಿಯ ಕಡೆಯ ಕೋಣೆಯಲ್ಲಿ, ಕೆಳಗಿನ ದರ್ಜಿ ಅಂಗಡಿ ಮುಚ್ಚಿದ ಮೇಲೆ ಮೇಲಕ್ಕೆ ತಂದ ಅವರ ಹೊಲಿಗೆ ಯಂತ್ರವನ್ನು ಮೂಲೆಗೆ ಸರಿಸಿ, ಕಿಟಕಿಯ ಕೆಳಗೆ ಮಂಚ ಹಾಕಿದ್ದೇವೆ. ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ದಾದಿ ಬಂದು ಮೈ ಒರೆಸಿ, ಮಗ್ಗುಲು ತಿರುಗಿಸಿ, ಸೂಜಿ ಚುಚ್ಚಿ ಹೋಗುತ್ತಾಳೆ. ದಪ್ಪ ಹೆಂಗಸು, ಮಾತು ಇನ್ನೂ ದಪ್ಪ. ಮೂರನೆಯ ಮಹಡಿ ಹತ್ತಿ ಬರುವಷ್ಟರಲ್ಲಿ ಅವಳಿಗೆ ಏದುಸಿರು. ಆದರೂ ಬಾಯಿ ನಿಲ್ಲುವುದಿಲ್ಲ.

ಚಳಿಗಾಲದಲ್ಲಿ ಇವರು ಊಟ ಬಿಟ್ಟರು. ನಾನು ಮಾಡಿದ ಗಂಜಿ, ನಾನು ಮಾಡಿದ ಸಾರು, ನಾನು ಕಲಸಿ ಕೊಟ್ಟ ಅನ್ನ, ಯಾವುದನ್ನು ಚಮಚದಲ್ಲಿ ಹಿಡಿದರೂ ಮುಖ ಗೋಡೆಯ ಕಡೆಗೆ. ‘ಏನಾದ್ರೂ ಸರಿ, ಅವ್ರು ಕೇಳಿದ್ದು ಕೊಡಿ’ ಎಂದು ವೈದ್ಯರು ಹೇಳಿ ಹೋದರು. ದಾದಿ ಇವರ ಕಿವಿಯ ಬಳಿ ಬಗ್ಗಿ, “ಏನ್ ಯಜಮಾನ್ರೇ, ಏನ್ ತಿಂತೀರಾ? ಕೇಳಿದ್ದು ಮಾಡಿಸ್ತೀನಿ” ಎಂದಳು.

“ನನ್ ಮಗಳು ಭಾನುವಾರ ಮಾಡ್ತಿದ್ಲಲ್ಲ, ಆ ಕೇಕು” ಎಂದರು.

“ಅಷ್ಟೇನಾ? ಮಗಳಿಗೆ ಒಂದ್ ಫೋನ್ ಮಾಡಿದ್ರಾಯ್ತು” ಎಂದು ಅವಳು ನನ್ನ ಕಡೆಗೆ ತಿರುಗಿದಳು.

“ಅವಶ್ಯಕತೆಯಿಲ್ಲ. ನಾನೇ ಮಾಡುತ್ತೇನೆ” ಎಂದೆ.

ಆ ದಿನದವರೆಗೆ ನಾನು ಕೇಕು ಮಾಡಿದವಳಲ್ಲ. ನಿನ್ನ ವಿದ್ಯುತ್ ಒಲೆಯನ್ನು ಒರೆಸಿಡುವುದನ್ನು ಬಿಟ್ಟರೆ ಮುಟ್ಟಿದವಳೂ ಅಲ್ಲ. ಆದರೆ ನೀನು ಮಾಡಬಲ್ಲುದನ್ನು ನಾನು ಕಲಿಯಲಾರೆನೇ ಎಂಬ ಧೈರ್ಯವಿತ್ತು. ನಿನ್ನನ್ನು ಕರೆಸುವುದಕ್ಕಿಂತ ಕಲಿಯುವುದು ಸುಲಭ ಎಂದು ತೋರಿತು.

ಮೊದಲನೆಯದು ಇಟ್ಟಿಗೆಯಾಯಿತು. ಅಚ್ಚಿನಿಂದ ಬಿಡಿಸಲು ಇವರ ದೊಡ್ಡ ಕತ್ತರಿಯ ಹಿಡಿಯಿಂದ ಕುಟ್ಟಬೇಕಾಯಿತು. ದಾದಿ ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, “ಅಮ್ಮಾ, ಇದನ್ನ ತಿನ್ನಿಸಿದ್ರೆ ಯಜಮಾನ್ರಿಗೆ ಇರೋ ನಾಕು ಹಲ್ಲೂ ಹೋಗತ್ತೆ. ಆಮೇಲೆ ನನ್ನ ಬೈಬೇಡಿ” ಎಂದಳು. ಎರಡನೆಯದು ಹೊರಗೆ ಕರಿಕು, ಒಳಗೆ ಹಸಿ ಹಿಟ್ಟು. ಮೂರನೆಯದು ಬೆಟ್ಟದಂತೆ ಉಬ್ಬಿ ನೆತ್ತಿಯಲ್ಲಿ ಬಿರಿಯಿತು. ಆದರೆ ಕರಡಿನ ಮೊದಲ ಓದಿನಲ್ಲೇ ಎಲ್ಲ ತಪ್ಪೂ ಸಿಕ್ಕುವುದಿಲ್ಲ ಎಂಬುದು ನನಗೆ ಅಭ್ಯಾಸವಾಗಿದ್ದ ಸಂಗತಿ. ಪ್ರತಿಯೊಂದನ್ನೂ ನಡುವೆ ಕೊಯ್ದು, ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲಿ ಕೆಟ್ಟಿತು ಎಂದು ನೋಡುತ್ತಿದ್ದೆ.

ತಣ್ಣನೆಯ ಬೆಣ್ಣೆ ಸಕ್ಕರೆಯೊಡನೆ ಬೆರೆಯದು. ಅದನ್ನು ಬೆಳಿಗ್ಗೆಯೇ ಹೊರಗಿಟ್ಟು, ಬೆರಳೊತ್ತಿದರೆ ಗುಳಿ ನಿಲ್ಲುವಷ್ಟು ಮೆತ್ತಗಾಗಿಸಬೇಕು. ಮೊಟ್ಟೆಗಳನ್ನು ಒಟ್ಟಿಗೆ ಸುರಿದರೆ ಮಿಶ್ರಣ ಒಡೆಯುತ್ತದೆ. ಒಂದೊಂದಾಗಿ ಹಾಕಿ, ಒಂದು ಪೂರ್ತಿ ಸೇರಿದ ಮೇಲೆಯೇ ಮತ್ತೊಂದು. ಹಿಟ್ಟು ಬಿದ್ದ ಮೇಲೆ ಕೈ ಬಿರುಸಾಗಬಾರದು; ಮಗುವಿಗೆ ಹೊದಿಕೆ ಹೊದಿಸುವಂತೆ ಕೆಳಗಿನಿಂದ ಮೇಲಕ್ಕೆ ಮಡಿಸಿ ಮಡಿಸಿ ಬಿಡಬೇಕು. ಇದನ್ನು ಅರಿಯಲು ನನಗೆ ಬಹಳ ಹಿಡಿಯಿತು, ಏಕೆಂದರೆ ಕೈ ಬಿರುಸಾಗಿಯೇ ಹೋಗುತ್ತದೆ. ಕಿತ್ತಳೆಯ ಸಿಪ್ಪೆಯನ್ನು ಮೇಲಿನ ಬಣ್ಣದಷ್ಟೇ ತುರಿಯಬೇಕು. ಒಳಗಿನ ಬಿಳಿ ಸೇರಿದರೆ ಕಹಿ. ನಿನ್ನ ಒಲೆಯ ಗುಂಡಿಯ ಮೇಲಿನ ಅಂಕಿಗಳು ಅಳಿಸಿಹೋಗಿವೆ. ಅದರ ಬಿಸಿ ಎಷ್ಟೆಂಬುದನ್ನು ಬ್ರೆಡ್ಡಿನ ಚೂರು ಇಟ್ಟು, ಅದು ಕಂದಿದ ಬಗೆಯನ್ನು ನೋಡಿ ತಿಳಿದುಕೊಂಡೆ.

ದಾದಿ ದಿನವೂ ಪರೀಕ್ಷಕಳಾದಳು. “ಇವತ್ತು ಪಾಸು ಅಮ್ಮ, ಥರ್ಡ್ ಕ್ಲಾಸು” ಎಂಬಲ್ಲಿಂದ, “ಅಯ್ಯೋ ಶಿವನೇ, ಇದು ಬಾಯಲ್ಲೇ ಕರಗ್ತಿದೆಯಲ್ಲ, ನಮ್ಮ ಯಜಮಾನ್ರಿಗೂ ಒಂದ್ ತುಂಡು ಕಟ್ಟಿಕೊಡಿ” ಎಂಬಲ್ಲಿಗೆ ಬಂದಳು. ಫೆಬ್ರವರಿ ಬರುವ ಹೊತ್ತಿಗೆ ನನ್ನ ಕೇಕಿನಲ್ಲಿ ತಪ್ಪು ಹುಡುಕಲು ನನ್ನಿಂದಲೇ ಆಗಲಿಲ್ಲ. ಮೇಲ್ಮೈ ಮೇಜಿನಂತೆ ಸಮ. ಬಣ್ಣ ಅಂಚಿನಿಂದ ಅಂಚಿಗೆ ಒಂದೇ. ಸೂಜಿ ಚುಚ್ಚಿದರೆ ಒಣಗಿದ ಸೂಜಿಯೇ ಹೊರಗೆ ಬರುತ್ತಿತ್ತು. ಮಗಳೇ, ನೀನು ಆ ಬೇಕರಿಯಲ್ಲಿ ಅಷ್ಟು ವರ್ಷ ದುಡಿದೂ ಅಂಥದೊಂದನ್ನು ಈ ಮನೆಯಲ್ಲಿ ಇಳಿಸಿದ್ದನ್ನು ನಾನು ಕಂಡಿಲ್ಲ.

ಅದನ್ನು ಚೌಕವಾಗಿ ಕೊಯ್ದು ಇವರ ಬಲಗೈಯಲ್ಲಿಟ್ಟೆ. ಬೆರಳುಗಳಿಂದ ಸವರಿದರು. ಬಟ್ಟೆಯ ಅಂಗಡಿಯಲ್ಲಿ ನೇಯ್ಗೆ ನೋಡುವಾಗ ಸವರುತ್ತಿದ್ದರಲ್ಲ, ಹಾಗೆಯೇ. ಒಂದು ಚೂರು ಮುರಿದು ನಾಲಗೆಗೆ ತಾಗಿಸಿದರು.

“ಅಂಗಡಿದು” ಎಂದು ತಟ್ಟೆಯನ್ನು ನೂಕಿದರು.

“ಅಂಗಡಿಯದಲ್ಲ, ಮನೆಯಲ್ಲಿ ಮಾಡಿದ್ದು” ಎಂದೆ.

“ಹಾಗಾದ್ರೆ ನೀನು ಮಾಡಿದ್ದು. ಎರಡೂ ಒಂದೇ” ಎಂದರು.

ದಾದಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಗಲು ಓಡಿದಳೋ ಅಳಲು ಓಡಿದಳೋ ಕೇಳಲಿಲ್ಲ. ಅಂದು ನಾನು ಆ ಕೇಕನ್ನು ಚೂರು ಚೂರು ಮಾಡಿ ಕಸದ ಬುಟ್ಟಿಗೆ ಹಾಕುತ್ತಿದ್ದಾಗ ನಿನ್ನ ಕೇಕು ನೆನಪಾಯಿತು. ನಿನ್ನದು ನಡುವೆ ಕುಸಿಯುತ್ತಿತ್ತು! ಒಳಗೆ ಏನಾಗಿದೆಯೋ ಎಂಬ ಆತುರಕ್ಕೆ, ಬೇಯುವ ಮುನ್ನವೇ ನೀನು ಒಲೆಯ ಬಾಗಿಲು ತೆರೆದು ಇಣುಕುತ್ತಿದ್ದೆ. ತಂಪು ಗಾಳಿ ಹೊಡೆದು ನಡು ಇಳಿದುಹೋಗುತ್ತಿತ್ತು. ಅಲ್ಲಿ ಒಂದು ಗುಳಿ, ಗುಳಿಯಲ್ಲಿ ಅರೆಬೆಂದ ಜಿಗುಟು. ನಿನಗೆ ಹನ್ನೆರಡು ವರ್ಷವಾಗಿದ್ದಾಗಿನಿಂದ ಆ ತಪ್ಪಿಗಾಗಿ ಬೈದಿದ್ದೇನೆ. ಆ ನಡುವನ್ನು ಕೊಯ್ದು ತೆಗೆದು, ಉಳಿದದ್ದನ್ನು ಮಾತ್ರ ಬಡಿಸಿದ್ದೇನೆ. ಕೊಯ್ದು ತೆಗೆದ ಆ ತುಂಡುಗಳು ಎಲ್ಲಿಗೆ ಹೋಗುತ್ತಿದ್ದವು ಎಂದು ಎಂದೂ ಯೋಚಿಸಿರಲಿಲ್ಲ. ಅಂದು ದಾದಿಯಿಂದ ತಿಳಿಯಿತು. “ಅಪ್ಪ ಮಗಳು ಅಂಗಡೀಲಿ ಕೂತು ಅದನ್ನೇ ಚಮಚದಲ್ಲಿ ಬಾಚಿ ತಿಂತಿದ್ರಂತೆ, ಯಜಮಾನ್ರು ನಂಗೆ ಹೇಳಿದಾರೆ.”

ಸರಿಯಾಗಿ ಮಾಡುವುದನ್ನು ಕಲಿತ ಮೇಲೆ, ತಪ್ಪಾಗಿ ಮಾಡುವುದನ್ನು ಕಲಿಯತೊಡಗಿದೆ. ಇದು ಹೆಚ್ಚು ಕಷ್ಟದ ವಿದ್ಯೆ. ಬಾಗಿಲನ್ನು ಬೇಗ ತೆರೆದರೆ ಇಡೀ ಕೇಕು ಚಪ್ಪಟೆ. ತಡವಾಗಿ ತೆರೆದರೆ ಅದು ಜಪ್ಪಯ್ಯ ಎಂದರೂ ಕುಸಿಯದು. ನಡುವಷ್ಟೇ ಇಳಿಯಬೇಕು, ಅಂಚು ನಿಲ್ಲಬೇಕು, ಜಿಗುಟು ಹಸಿಯಾಗಬಾರದು. ಕೈ ಬಾಗಿಲ ಹಿಡಿಯ ಮೇಲೆ ಹೋದಾಗಲೆಲ್ಲ, ಸರಿಯಾದ ಪದವನ್ನು ಹೊಡೆದು ತಪ್ಪು ಪದ ಬರೆಯಲು ಯಾರೋ ನನ್ನನ್ನು ಬಲವಂತಪಡಿಸುತ್ತಿದ್ದಾರೆ ಎನ್ನಿಸುತ್ತಿತ್ತು. ದಾದಿಗೆ ಏನೂ ಅರ್ಥವಾಗಲಿಲ್ಲ. “ಅಷ್ಟು ಚೆನ್ನಾಗಿ ಬರ್ತಿದ್ದದ್ದು ಈಗ ಯಾಕಮ್ಮ ಹಾಳಾಗ್ತಿದೆ? ದೃಷ್ಟಿ ಬಿತ್ತಾ?” ಎಂದು ಕೊರಗಿದಳು.

ಫೆಬ್ರವರಿ ಹದಿನೆಂಟರ ಭಾನುವಾರ ಅದು ಬಂತು. ನಿನ್ನದೇ ಕೇಕು, ನಿನ್ನದೇ ಗುಳಿ. ತಟ್ಟೆಯನ್ನು ಮಾತಾಡದೆ ಹಿಡಿದೆ. ಇವರ ಬೆರಳು ಅಂಚಿನಿಂದ ಜಾರಿ ಗುಳಿಗೆ ಬಿತ್ತು; ಅಲ್ಲಿಯೇ ನಿಂತಿತು. ಚಮಚ ಕೇಳಿ, ನಡುವನ್ನು ಪೂರ್ತಿ ತಿಂದರು. ಆ ಮೇಲೆ, “ಬಂದ್ಯಾ?” ಎಂದರು. “ಯಾವಾಗ ಬಂದೆ ಮಗಳೇ? ನಿನ್ನ ಕೈಗೆ ಈ ಮನೇಲಿ ಯಾರೂ ಸಮ ಇಲ್ಲ ಕಣೇ.” ನಾನು ಬಾಯಿ ತೆರೆದಿದ್ದರೆ ಎಲ್ಲ ಮುಗಿಯುತ್ತಿತ್ತು, ತೆರೆಯಲಿಲ್ಲ. ಇವರು ತಿಂದಿದ್ದರು, ಅದು ಸಾಕು ಎಂದುಕೊಂಡೆ. ಮದುವೆಯಾದ ಮೇಲೆ ನಾನು ಮಾಡಿದ ಯಾವ ಅಡುಗೆಯನ್ನೂ ಇವರು ಹೊಗಳಿದವರಲ್ಲ ಎಂಬುದನ್ನೂ ಇಲ್ಲಿ ಸೇರಿಸಿಬಿಡುತ್ತೇನೆ; ವಿವರ ಅಪೂರ್ಣವಾಗಬಾರದು.

ಆ ಬಳಿಕ ಪ್ರತಿ ಭಾನುವಾರವೂ ನೀನು ಬರುತ್ತಿದ್ದೀಯೆ. ದಾದಿಗೆ ಆ ದಿನ ರಜೆ. ನಾನು ಕಾಲಿನ ಚಪ್ಪಲಿ ಬಿಟ್ಟು, ಸದ್ದಿಲ್ಲದೆ ಹೋಗಿ, ತಟ್ಟೆ ಹಿಡಿದು ನಿಲ್ಲುತ್ತೇನೆ. ಅವರು ತಿನ್ನುತ್ತಾ ನಿನ್ನೊಡನೆ ಮಾತಾಡುತ್ತಾರೆ. ನಿನಗೆ ಹೇಳಿದ್ದನ್ನು ನಿನಗೆ ತಲುಪಿಸುವುದು ನನ್ನ ಕರ್ತವ್ಯ. ಆದುದರಿಂದ ಹೇಳಿದಂತೆಯೇ ಬರೆಯುತ್ತೇನೆ.

ಫೆಬ್ರವರಿ ೨೫ರಂದು: “ನಿಮ್ಮಮ್ಮ ಆಚೆ ಹೋಗಿದಾಳಾ? ಬಾಗಿಲು ಮುಂದಕ್ಕೆ ಮಾಡು. ನಿಜ ಹೇಳ್ಲಾ? ಅಷ್ಟು ವರ್ಷದಲ್ಲಿ ನಾನು ಹಸಿವಾಗಿ ಊಟ ಮಾಡಿದ್ದೇ ಇಲ್ಲ. ಹೆದರಿ ಮಾಡಿದೀನಿ. ತಟ್ಟೇಲಿ ಏನಾದ್ರೂ ಬಿಟ್ರೆ, ನೋಡ್ತಾಳಲ್ಲ, ಆ ನೋಟಕ್ಕೆ.”

ಮಾರ್ಚ್ ೩ರಂದು: “ನಾನು ಬಾಯಿ ತೆಗೆದ್ರೆ ಸಾಕು, ಮಾತು ಮುಗಿಯೋಕೆ ಮುಂಚೆ ತಿದ್ದೋಳು. ಅದಕ್ಕೇ ಅಂಗಡೀಲಿ ಕೂತಿರ್ತಿದ್ದೆ. ಕೆಲಸ ಇರ್ತಿರ್ಲಿಲ್ಲ. ಬಟ್ಟೇನೇ ಇಲ್ದೆ ಸುಮ್ನೆ ಮಿಷನ್ ತುಳೀತಿದ್ದೆ, ಮೇಲೆ ಅವಳಿಗೆ ಸದ್ದು ಕೇಳಿಸ್ಲಿ ಅಂತ. ಕೇಳಿಸಿದ್ರೆ ಕರೀತಿರ್ಲಿಲ್ಲ ನೋಡು.” ಹೀಗೆ ಹೇಳಿ ಅವರು ನಕ್ಕರು; ಬಲಗಡೆಯ ತುಟಿ ಮಾತ್ರ ನಕ್ಕಿತು. ಅಂಗಡಿ ಮುಚ್ಚುವ ತನಕವೂ ಆ ಸದ್ದನ್ನು ಕೇಳಿ, ‘ಪಾಪ, ಎಷ್ಟು ದುಡಿಯುತ್ತಾರೆ’ ಎಂದು ನಾನು ಚಹಾ ಕಳುಹಿಸುತ್ತಿದ್ದೆ. ನಿನಗೆ ನೆನಪಿರಬಹುದು, ಒಯ್ದುಕೊಡುತ್ತಿದ್ದವಳು ನೀನೇ.

ಮಾರ್ಚ್ ೧೦ರಂದು: “ನೀನು ಹೋದ ದಿನ ಅತ್ಬಿಟ್ಟೆ. ನೀನು ಹೋದೆ ಅಂತಲ್ಲ, ಹುಡುಗ ಒಳ್ಳೇವ್ನು. ನನ್ನೊಬ್ನನ್ನೇ ಇವಳ ಕೈಗೆ ಕೊಟ್ಟು ಹೋದ್ಯಲ್ಲ ಅಂತ.”

ಮಾರ್ಚ್ ೧೭ರಂದು, ಅಂದರೆ ಕಳೆದ ಭಾನುವಾರ: “ನಾನು ಸತ್ರೆ ನಿಮ್ಮಮ್ಮ ಅಳ್ತಾಳೆ ಅಂದ್ಕೊಂಡಿದ್ಯಾ? ಪೇಪರ್‌ಗೆ ಕೊಡೋ ಪ್ರಕಟಣೇಲಿ ತಪ್ಪು ಹುಡುಕ್ತಾ ಕೂತಿರ್ತಾಳೆ. ನನ್ನೂ ಕರ್ಕೊಂಡು ಹೋಗೇ. ಎಲ್ಲಾದ್ರೂ ಸರಿ, ಒಂದ್ ಮೂಲೆ ಕೊಡು.” ಬಲಗೈ ಚಾಚಿ ನನ್ನ ಸೆರಗನ್ನು ಹಿಡಿದರು. ಬಿಡಿಸಿಕೊಂಡು ಬಂದೆ.

ಈಗ ನಿನಗೆ ಕಾರಣ ತಿಳಿದಿರಬೇಕು. ಮೂವತ್ತೊಂದಕ್ಕೆ ನೀನು ದಡದಡನೆ ಮೆಟ್ಟಿಲು ಹತ್ತಿ, ‘ಅಪ್ಪಾ’ ಎಂದು ಕೂಗಿಕೊಂಡು ಬಂದರೆ, ಇಷ್ಟು ದಿನ ತಟ್ಟೆ ಹಿಡಿದು ನಿಂತವಳು ಯಾರು ಎಂದು ಅವರಿಗೆ ಗೊತ್ತಾಗುತ್ತದೆ. ನಾನು ಅಷ್ಟನ್ನೂ ಕೇಳಿಸಿಕೊಂಡೆನೆಂಬುದು ಗೊತ್ತಾಗುತ್ತದೆ. ಆ ಮೇಲೆ ನಾನು ತಿರುಗಿಸುವ ಮಗ್ಗುಲಿಗೆ ತಿರುಗಿ, ನಾನು ಒರೆಸುವ ಬಾಯನ್ನು ಒಡ್ಡಿ ಅವರು ಬದುಕಬೇಕಲ್ಲ? ಆ ನಾಚಿಕೆಯನ್ನು ಅವರ ಮೇಲೆ ಹೇರಲು ನಾನು ಒಪ್ಪುವುದಿಲ್ಲ. ಅವರು ಹಾಗೆ ಮಾತಾಡುತ್ತಿರುವುದು ಮಗಳೆದುರಿಗೆ, ನನ್ನೆದುರಿಗಲ್ಲ. ಅಷ್ಟು ಮರ್ಯಾದೆಯನ್ನಾದರೂ ಅವರು ನನಗೆ ಉಳಿಸಿದ್ದಾರೆ. ಅದನ್ನು ನೀನು ಬಂದು ಕೆಡಿಸಬೇಡ. ನಿನ್ನ ಕೇಕು ಈ ಮನೆಯಲ್ಲಿ ಈಗ ನೀನಿಲ್ಲದೆಯೇ ಆಗುತ್ತದೆ. ನಿನ್ನ ಅವಶ್ಯಕತೆ ಬೀಳುವುದಿಲ್ಲ.

ಒಲೆಯವನು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆಂದು ಬರೆದಿದ್ದೀಯೆ, ಸಂತೋಷ. ನಿನ್ನ ಬೆನ್ನುನೋವಿಗೆ ಬಿಸಿನೀರಿನ ಶಾಖ ಕೊಡು, ಬೇಕರಿಯ ಭಾರವಾದ ತಟ್ಟೆಗಳನ್ನು ಒಬ್ಬಳೇ ಎತ್ತಬೇಡ. ನೂರು ಕಾಲ ಬಾಳು. ನಿನಗೆ ಹುಟ್ಟುವ ಮಗಳು ನಿನ್ನ ಮಾತು ಕೇಳುವವಳಾಗಲಿ.

ಇಂತು,
ನಿನ್ನ ತಾಯಿ

ಮತ್ತೆ ಬರೆದುದು. ಭಾನುವಾರ, ಮಾರ್ಚ್ ೨೪, ಸಂಜೆ

ಅಂಚೆಚೀಟಿ ತರುವವರಿಲ್ಲದೆ ಪತ್ರ ಇಲ್ಲಿಯೇ ಉಳಿದಿತ್ತು. ಉಳಿದದ್ದು ಒಳ್ಳೆಯದಾಯಿತು.

ಇವತ್ತೂ ಎಂದಿನಂತೆ ತಟ್ಟೆ ಹಿಡಿದು ನಿಂತೆ. ಅವರು ನಡುವನ್ನು ತಿಂದು ಮುಗಿಸಿದರು. ಒಂದು ಮಾತೂ ಆಡಲಿಲ್ಲ. ತಟ್ಟೆ ತೆಗೆದುಕೊಂಡು ತಿರುಗಿದೆ.

“ಇವಳೇ” ಎಂದರು.

ಮದುವೆಯಾದಂದಿನಿಂದ ಅವರು ನನ್ನನ್ನು ಕರೆಯುವುದು ಹಾಗೆ. ನಿನ್ನನ್ನು ಎಂದೂ ಹಾಗೆ ಕರೆದವರಲ್ಲ.

“ಇವತ್ತು ನಡು ಸ್ವಲ್ಪ ಜಾಸ್ತಿ ಕುಸಿದಿದೆ. ಬಾಗಿಲು ಬೇಗ ತೆಗೆದ್ಯೇನೋ. ಮುಂದಿನ ವಾರ ನೋಡ್ಕೋ.”

ನಾನು ಕೈಲಿದ್ದ ತಟ್ಟೆಯನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟೆ. “ಎಂದಿನಿಂದ ಗೊತ್ತು ನಿಮಗೆ?” ಎಂದು ಕೇಳಿದೆ.

“ಮೊದಲನೇ ವಾರ ಮೋಸ ಹೋದೆ. ಎರಡನೇ ವಾರ ಗೊತ್ತಾಯ್ತು. ಅವಳಾಗಿದ್ರೆ ಮಂಚದ ಮೇಲೆ ಕೂತು ಅರ್ಧ ಅವಳೇ ತಿಂದು ಹಾಕೋಳು. ನೀನು ಪರೀಕ್ಷೆ ಕೋಣೇಲಿ ಕಾವಲು ನಿಂತ ಹಾಗೆ ನಿಂತಿದ್ದೆ.”

“ಗೊತ್ತಿದ್ದ ಮೇಲೂ ಅಷ್ಟನ್ನೆಲ್ಲ ಏಕೆ ಹೇಳಿದಿರಿ?”

ಸಿಟ್ಟಿರಲಿಲ್ಲ, ಮಗಳೇ. ಅಳತೆ ತೆಗೆದು ಗಿರಾಕಿಗೆ ಹೇಳುವ ಧ್ವನಿಯಲ್ಲಿ ಹೇಳಿದರು: “ನೀನು ಮಧ್ಯೆ ಬಾಯಿ ಹಾಕ್ದೆ ಕೇಳ್ತಿದ್ಯಲ್ಲ. ಅಷ್ಟು ವರ್ಷಕ್ಕೆ ಅದೇ ಮೊದಲು. ಮತ್ತೆ ಸಿಗತ್ತೋ ಇಲ್ವೋ ಅಂತ ಎಲ್ಲಾ ಹೇಳ್ಬಿಟ್ಟೆ.”

ನಾನು ಆಗಲೂ ಮಧ್ಯೆ ಮಾತಾಡಲಿಲ್ಲ. ಅವರು ಗೋಡೆಯ ಕಡೆಗೆ ತಿರುಗಲು ನೋಡಿದರು, ಒಬ್ಬರಿಂದಲೇ ಆಗುವುದಿಲ್ಲ. ತಿರುಗಿಸಿದೆ.

ಮೇಲಿನ ಪತ್ರವನ್ನು ಹರಿದು ಹೊಸದಾಗಿ ಬರೆಯಬಹುದಿತ್ತು. ಆದರೆ ಅಚ್ಚಾಗಿಹೋದ ಪುಸ್ತಕಕ್ಕೆ ಕೊನೆಯಲ್ಲಿ ಒಂದು ಹಾಳೆ ಅಂಟಿಸುವುದೇ ನನಗೆ ಗೊತ್ತಿರುವ ಕ್ರಮ. ಈ ಕೆಳಗಿನಂತೆ ತಿದ್ದಿಕೊಂಡು ಓದಬೇಕು.

ಫೆಬ್ರವರಿ ೧೮: ತಿದ್ದುಪಡಿಯಿಲ್ಲ. ‘ನಿನ್ನ ಕೈಗೆ ಯಾರೂ ಸಮ ಇಲ್ಲ’ ಎಂಬುದು ನಿನಗೇ ಹೇಳಿದ ಮಾತು. ನಿನ್ನ ಬಳಿಯೇ ಇರಲಿ.

ಫೆಬ್ರವರಿ ೨೫: ‘ನಿನ್ನೊಡನೆ’ ಎಂದಿರುವಲ್ಲಿ ‘ನನ್ನೊಡನೆ’.

ಮಾರ್ಚ್ ೩: ಅದೇ ರೀತಿ. ಬಟ್ಟೆಯಿಲ್ಲದ ಯಂತ್ರದ ಸದ್ದು ನನಗೆ ಹೇಳಿದ್ದು.

ಮಾರ್ಚ್ ೧೦: ಅದೇ ರೀತಿ.

ಮಾರ್ಚ್ ೧೭: ‘ಕರೆದುಕೊಂಡು ಹೋಗು’ ಎಂದು ನಿನ್ನನ್ನು ಬೇಡಿದುದಲ್ಲ, ‘ಕಳುಹಿಸಿಕೊಡು’ ಎಂದು ನನ್ನನ್ನು ಕೇಳಿದುದು.

ಮಾರ್ಚ್ ೩೧: ‘ಬರಬೇಡ’ ಎಂದಿರುವಲ್ಲೆಲ್ಲ ‘ಬಾ’. ಒಲೆಯವನನ್ನೂ ಕರೆದುಕೊಂಡು ಬಾ. ಅವರನ್ನು ಮೂರು ಮಹಡಿ ಇಳಿಸಲು ಇಬ್ಬರು ಬೇಕು.